ಓಬಳಪ್ಪ ಮಾಸ್ಟರಿಗೆ ನಾನು ಬಾಯಾದದ್ದು

ರಾಯದುರ್ಗದ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ನಲವತ್ತು ಹೊಲಿಗೆ ಮಿಷನ್ನುಗಳಿದ್ದವು. ನಲವತ್ತೂ ಒಟ್ಟಿಗೆ ಓಡುತ್ತಿರುವಾಗ ಪಕ್ಕದಲ್ಲಿ ಕೂತವನು ಸತ್ತರೂ ಗೊತ್ತಾಗುವಂತಿರಲಿಲ್ಲ. ಊಟದ ಬೆಲ್ಲಿಗೆ ಏಳಲಿಲ್ಲವಲ್ಲ ಎಂದು ಆಮೇಲೆ ಅನುಮಾನ ಬಂದರೆ ಉಂಟು. ಆ ಗದ್ದಲವನ್ನು ಸೀಳಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತಿದ್ದ ಮನುಷ್ಯರ ದನಿ ಒಂದೇ, ಓಬಳಪ್ಪ ಮಾಸ್ಟರದು. ಗುಮ್ಮಘಟ್ಟದ ಕಡೆಯ ಕುರಿ ಕಾಯುವವರ ಮನೆಯವನು. ಈ ಗುಡ್ಡದಲ್ಲಿ ನಿಂತು ಆ ಗುಡ್ಡದ ಕುರಿಯನ್ನು ತಿರುಗಿಸಿದ ಗಂಟಲು ಅದು. ಕುರಿ ಬಿಟ್ಟು ಬಳ್ಳಾರಿಗೆ ಹೋಗಿ ಪ್ಯಾಂಟು ಹೊಲಿಯುವುದನ್ನು ಕಲಿತ, ಬಟ್ಟೆ ಕತ್ತರಿಸುವುದನ್ನು ಕಲಿತ, ರಾಯದುರ್ಗಕ್ಕೆ ಬಂದು ಚಂದ್ರಶೇಖರಯ್ಯ ಸಾವ್ಕಾರರ ಯೂನಿಟ್ಟಿಗೆ ಮಾಸ್ಟರಾದ. ಕುರಿಗಳ ಜಾಗಕ್ಕೆ ನಾವು ಬಂದೆವು. ಅಷ್ಟೇ ವ್ಯತ್ಯಾಸ.

ಮಾಸ್ಟರೆಂದರೆ ಬಟ್ಟೆ ಕತ್ತರಿಸಿ, ಹಂಚಿ, ಹೊಲಿಸಿ, ಬೈದು, ಸಂಜೆಯೊಳಗೆ ಸಾವ್ಕಾರರಿಗೆ ಪ್ಯಾಂಟು ಎಣಿಸಿ ಕೊಡುವವನು. ಇವುಗಳಲ್ಲಿ ಬೈಯುವುದು ಓಬಳಪ್ಪನಿಗೆ ಬಹಳ ಇಷ್ಟ. ಬೈಗುಳವನ್ನಾದರೂ ಸಹಿಸಬಹುದಿತ್ತು, ಅವನು ಹೆಸರಿಡುತ್ತಿದ್ದ. ಟೈಲರ್ ರಂಗನಾಥನಿಗೆ ಮಾತು ತೊದಲು. "ನಮ್ಮ ರಂಗನಾಥ ಡಬಲ್ ನೀಡ್ಲು ಮಿಷನ್ನು ಕಣ್ರಲೇ, ಒಂದ್ ಮಾತು ಕೇಳಿದ್ರ ಎರಡು ಸಾಲು ಹೊಲೀತಾನ" ಎಂದ ಒಂದು ದಿನ. ನಲವತ್ತು ಜನ ನಕ್ಕರು. ರಂಗನಾಥನೂ ನಕ್ಕ, ನಗದಿದ್ದರೆ ಇನ್ನೊಂದು ಬೀಳುತ್ತಿತ್ತು. ಅವತ್ತಿನಿಂದ ಅವನು ಡಬಲ್ ನೀಡ್ಲು.

ನನ್ನ ಹೆಸರು ಲಕ್ಷ್ಮೀನರಸಪ್ಪ. ಮಡಕಶಿರಾ ಕಡೆಯ ಹಿಪ್ಪುನೇರಳೆ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಬಿ.ಎ.ಯಲ್ಲಿ ಎರಡು ಸಬ್ಜೆಕ್ಟಿಗೆ ನಮಸ್ಕಾರ ಹಾಕಿ, ನೆಂಟರೊಬ್ಬರ ಕೈಹಿಡಿದು ಇಲ್ಲಿಗೆ ಬಂದವನು. ಓಬಳಪ್ಪ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ ಬಕ್ರಂ ಎಂದು ಹೆಸರಿಟ್ಟ. ಪ್ಯಾಂಟಿನ ಸೊಂಟದ ಪಟ್ಟಿಯೊಳಗೆ ಸೆಟೆದು ನಿಲ್ಲಲೆಂದು ಇಡುತ್ತಾರಲ್ಲ, ಆ ಬಿರುಸು ಬಟ್ಟೆ. "ಹೊರಗ ಕಾಣಂಗಿಲ್ಲ, ಒಳಗ ಚುಚ್ತೈತಿ" ಎಂದು ವಿವರಣೆಯನ್ನೂ ಕೊಟ್ಟ. ನಾನು ನಮ್ಮೂರಿನ ಮಾತಿನಲ್ಲಿ "ಬತ್ತಾವ್ನೆ, ಹೋಗ್ತಾವ್ನೆ" ಎಂದಾಗಲೆಲ್ಲ ಅವನು ಅದನ್ನೇ ರಾಗವಾಗಿ ಎಳೆದು ಹೇಳುತ್ತಿದ್ದ. ನನಗೂ ತಮಾಷೆ ಮಾಡಲು ಬರುತ್ತದೆಂಬ ನಂಬಿಕೆ ನನಗಿತ್ತು. ಆದರೆ ನನ್ನದು ಸಣ್ಣ ದನಿ. ನಾನು ಹೇಳಿದ ಜೋಕು ಎರಡನೇ ಮಿಷನ್ನು ದಾಟುವುದರೊಳಗೆ ಸಾಯುತ್ತಿತ್ತು. ಒಂಬತ್ತು ವರ್ಷ ಹೀಗೆ ನಡೆಯಿತು.

ನನ್ನ ಕೆಲಸ ಚೀಟಿ ಬರೆಯುವುದು. ಕೇಳಲು ಏನೂ ಅಲ್ಲದ ಕೆಲಸ, ಆದರೆ ಜೀನ್ಸಿನ ಪ್ರಾಣ ಅದರಲ್ಲಿದೆ. ಜೀನ್ಸ್ ಬಟ್ಟೆ ಸುರುಳಿ ಸುತ್ತಿದ ತಾನುಗಳಲ್ಲಿ ಬರುತ್ತದೆ, ಒಂದೊಂದು ತಾನಿನ ನೀಲಿ ಒಂದೊಂದು ತರ. ಹೊಲಿಯುವಾಗ ಎಲ್ಲವೂ ಕಪ್ಪು ಕಪ್ಪಾಗಿ ಒಂದೇ ಕಾಣುತ್ತವೆ. ಬಳ್ಳಾರಿಗೆ ಹೋಗಿ ವಾಷಿಂಗ್ ಆಗಿ ಬಂದಾಗಲೇ ನಿಜವಾದ ಬಣ್ಣ ಹೊರಬೀಳುವುದು. ಅದಕ್ಕೇ ಒಂದೇ ಪದರದಿಂದ ಕತ್ತರಿಸಿದ ತುಂಡುಗಳಿಗೆಲ್ಲ ಒಂದೇ ನಂಬರಿನ ಚೀಟಿ ಅಂಟಿಸಬೇಕು. ಏಳನೇ ನಂಬರಿನ ಎಡಗಾಲಿಗೆ ಏಳನೇ ನಂಬರಿನ ಬಲಗಾಲೇ ಜೋಡಿ. ತಪ್ಪಿದರೆ ಹಾಕಿಕೊಂಡವನ ಒಂದು ಕಾಲು ಮುಗಿಲಿನ ಬಣ್ಣ, ಇನ್ನೊಂದು ಶಾಯಿಯ ಬಣ್ಣ.

ಓಬಳಪ್ಪ ಗುಟ್ಕಾ ಹಾಕುತ್ತಿದ್ದ. ಎಲ್ಲರೂ ಹಾಕುತ್ತಿದ್ದರು. ಮಿಷನ್ನು ಬಿಟ್ಟು ಏಳುವಂತಿಲ್ಲ, ಹಬ್ಬದ ಆರ್ಡರು ಬಂದರೆ ಹದಿನಾಲ್ಕು ತಾಸು ಕೂರಬೇಕು, ಹಸಿವನ್ನೂ ನಿದ್ದೆಯನ್ನೂ ಒಂದೇ ಪೊಟ್ಟಣದಲ್ಲಿ ಮುಗಿಸುವ ಉಪಾಯ ಅದು. ಅವನ ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣಾಯಿತು. ಉಷ್ಣ ಎಂದು ಆರು ತಿಂಗಳು ಮಜ್ಜಿಗೆ ಕುಡಿದ. ಆಮೇಲೆ ಕಿವಿಯವರೆಗೆ ನೋವು ಎಳೆಯತೊಡಗಿತು. ಬಳ್ಳಾರಿಯ ಡಾಕ್ಟರು ಬಾಯಿ ತೆಗೆಸಿ ನೋಡಿ, ಬಾಯಿ ಮುಚ್ಚಿಸಿ, ಕರ್ನೂಲಿಗೆ ಬರೆದುಕೊಟ್ಟರು. ಅಲ್ಲಿ ನಾಲಿಗೆಯ ಮುಕ್ಕಾಲು ಪಾಲು ತೆಗೆದು, ಎದೆಯ ಮಾಂಸವನ್ನೇ ತಿರುಗಿಸಿ ಆ ಜಾಗಕ್ಕೆ ತುಂಬಿದರು. ಮೇಲೆ ಆರು ವಾರ ಕರೆಂಟು, ಅಂದರೆ ರೇಡಿಯೇಷನ್ನು, ಕೊಟ್ಟರು. ಅದು ಎರಡು ಸಾವಿರದ ಹನ್ನೊಂದನೇ ಇಸವಿ. ಯೂನಿಟ್ಟಿನಲ್ಲಿ ಎಲ್ಲರೂ ಗುಟ್ಕಾ ಬಿಟ್ಟೆವು. ಹನ್ನೊಂದು ದಿನ ಬಿಟ್ಟಿದ್ದೆವು.

ಏಳು ತಿಂಗಳಾದ ಮೇಲೆ ಒಂದು ಸೋಮವಾರ ಅವನು ಬಾಗಿಲಲ್ಲಿ ಬಂದು ನಿಂತ. ಹೆಗಲ ಮೇಲೆ ಬಿಳಿ ಟವಲ್ಲು, ಕೈಯಲ್ಲಿ ನೀರಿನ ಬಾಟಲಿ. ಮನುಷ್ಯ ಅರ್ಧವಾಗಿದ್ದ. ಕಿವಿಯ ಕೆಳಗಿನಿಂದ ಗಂಟಲಿನ ಗುಳಿಯವರೆಗೆ ಹೊಲಿಗೆಯ ಗುರುತು. ಟೈಲರುಗಳು ಒಬ್ಬೊಬ್ಬರೇ ಮಿಷನ್ನು ನಿಲ್ಲಿಸಿ ಎದ್ದರು. ಆಗ ಓಬಳಪ್ಪನೇ ಕತ್ತು ಓರೆ ಮಾಡಿ, ಆ ಗುರುತಿನ ಮೇಲೆ ಬೆರಳಾಡಿಸಿ, ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆಯೆಂದು ಎಣಿಸುವವನಂತೆ ಮಾಡಿ, ಕೈ ಅಲ್ಲಾಡಿಸಿದ. ಡಾಕ್ಟರ ಕೈಕೆಲಸ ಚೆನ್ನಾಗಿಲ್ಲ, ಈ ಪೀಸು ವಾಪಸ್ಸು ಎಂದು ಅರ್ಥ. ಎಲ್ಲರೂ ನಕ್ಕೆವು. ಒಂದು ಕ್ಷಣ ಹಳೆಯ ಮಾಸ್ಟರೇ ಬಂದಂತಾಯಿತು.

ಆಮೇಲೆ ಅವನು ಮಾತಾಡಿದ.

ಆ ಸದ್ದನ್ನು ಬರೆದು ತೋರಿಸುವುದು ಕಷ್ಟ. ತುಂಬಿದ ಕೊಡವನ್ನು ಬಗ್ಗಿಸಿದಂತೆ ಗಂಟಲಿನಿಂದ ಏನೋ ಉರುಳಿ ಬಂತು, ತುಟಿಯ ಅಂಚಿನಲ್ಲಿ ಜೊಲ್ಲು ಇಳಿಯಿತು, ಟವಲ್ಲಿನಿಂದ ಒರೆಸಿಕೊಂಡ. ಮುಂದಿನ ಸಾಲಿನ ಮಂಜುಳ ಗೊತ್ತಿಲ್ಲದೆ ತನ್ನ ಸ್ಟೂಲನ್ನು ಅರ್ಧ ಗೇಣು ಹಿಂದಕ್ಕೆ ಎಳೆದುಕೊಂಡಳು.

"ಏನಂದ್ರು?" ಎಂದಳು.

"ಎಲ್ಲಾರೂ ಚೆನ್ನಾಗಿದೀರಾ ಅಂತಾವ್ರೆ" ಎಂದೆ ನಾನು. ಒಂಬತ್ತು ವರ್ಷ ಅವನ ಮೇಜಿನ ಪಕ್ಕದಲ್ಲೇ ಕೂತು ಬೈಸಿಕೊಂಡವನಲ್ಲವೇ, ಅವನ ಮಾತು ಎಲ್ಲಿ ಎತ್ತಿ ಎಲ್ಲಿ ಇಳಿಯುತ್ತದೆಂದು ಗೊತ್ತಿತ್ತು. ಓಬಳಪ್ಪ ನನ್ನ ಕಡೆ ತಿರುಗಿ ತಲೆಯಾಡಿಸಿದ. ಅವನ ಮುಖದಲ್ಲಿ ನನ್ನನ್ನು ಕಂಡು ಸಂತೋಷವಾದದ್ದು ಅದೇ ಮೊದಲು.

ಚಂದ್ರಶೇಖರಯ್ಯ ಸಾವ್ಕಾರರು ಕೆಟ್ಟವರಲ್ಲ, ಅವಸರದವರು. ಓಬಳಪ್ಪನ ಕೈಗಳು ಅವರಿಗೆ ಬೇಕಾಗಿದ್ದವು. ಬಟ್ಟೆಯನ್ನು ಹೆಬ್ಬೆರಳಿನಲ್ಲಿ ತಿಕ್ಕಿ ಇದು ಯಾವ ತಾನಿನದೆಂದು ಹೇಳುವವನು ಊರಿನಲ್ಲಿ ಇನ್ನೊಬ್ಬನಿರಲಿಲ್ಲ. "ನೋಡಪ್ಪಾ ಓಬಳಪ್ಪ, ಯುಗಾದಿ ಆರ್ಡರು ಕೈಯಾಗೈತಿ. ಅದು ಮುಗಿಯಾತನ ನೀನೇ ಮಾಸ್ಟರು. ಲೈನು ಸರಿಯಾಗಿ ನಡೀತು ಅಂದ್ರ ಮುಂದೂ ನೀನೇ. ನಡೀಲಿಲ್ಲಾ, ಮನ್ಯಾಗ ಆರಾಮಿರು, ಬ್ಯಾಸರ ಮಾಡ್ಕೋಬ್ಯಾಡ" ಎಂದರು. ನನ್ನ ಕಡೆ ತಿರುಗಿ, "ಏಮಯ್ಯಾ ನರಸಪ್ಪ, ಇವನು ಹೇಳಿದ್ದು ನಿನಗ ತಿಳೀತೈತಲ್ಲ? ಇವತ್ತಿಂದ ಇವನ ಬಾಯಿ ನೀನೇ" ಎಂದು ನೇಮಕ ಮಾಡಿದರು. ಅದಕ್ಕೆ ಬೇರೆ ಸಂಬಳ ಇಲ್ಲ.

ಮಾರನೇ ದಿನ ಅವನ ಹೆಂಡತಿ ಹಂಪಕ್ಕ ಗೇಟಿಗೆ ಬಂದಳು. ಸ್ಟೀಲಿನ ಡಬ್ಬಿಯಲ್ಲಿ ಅವನಿಗೆ ರಾಗಿ ಅಂಬಲಿ ತಂದಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಈ ಕೆಲಸ ಹೋದ್ರ ಮನುಷ್ಯ ಉಳಿಯಂಗಿಲ್ರಿ. ಆಸ್ಪತ್ರ್ಯಾಗೂ ನಾನು ಮಾಸ್ಟರು, ನಾನು ಮಾಸ್ಟರು ಅಂತ ಕೈಯಾಗ ತೋರಿಸ್ಕೆಂತಿದ್ರು. ನಿಮ್ಮನ್ನ ನಂಬೀವಿ" ಎಂದಳು. ನಾನು ಎದೆ ಮುಟ್ಟಿಕೊಂಡು, "ನಾನಿದೀನಿ ಬಿಡಕ್ಕ" ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ಆಗ ನನಗೂ ಗೊತ್ತಿರಲಿಲ್ಲ.

ಮೊದಲ ವಾರ ನಾನು ಬಹಳ ಪ್ರಾಮಾಣಿಕ. ಅವನು ಅಂದದ್ದನ್ನು ಅಂದಂತೆಯೇ ದಾಟಿಸಿದೆ. ಓಬಳಪ್ಪ ಗಂಟಲಿನಿಂದ ಉರುಳಿಸುತ್ತಿದ್ದ, ಮಿಷನ್ನುಗಳು ನಿಲ್ಲುತ್ತಿದ್ದವು, ನಲವತ್ತು ಮುಖಗಳು ಅವನನ್ನು ಬಿಟ್ಟು ನನ್ನ ಕಡೆ ತಿರುಗುತ್ತಿದ್ದವು. ಜೀವನದಲ್ಲಿ ನಲವತ್ತು ಜನ ನನ್ನ ಬಾಯಿ ನೋಡಿದ್ದು ಅದೇ ಮೊದಲು. ನೀವೇ ಹೇಳಿ, ಅಂಥ ಹೊತ್ತಿನಲ್ಲಿ "ಜೇಬಿನ ಹೊಲಿಗೆ ನೆಟ್ಟಗಿರಲಿ" ಎಂದು ಒಣ ಮಾತು ಹೇಳಿ ಸುಮ್ಮನಾಗಲು ಎಂಥ ಮಹಾತ್ಮನಾಗಿರಬೇಕು?

ಎರಡನೇ ವಾರ ಸ್ವಲ್ಪ ಉಪ್ಪು ಹಾಕಿದೆ. ಅವನು "ಜೇಬು ಸೊಟ್ಟ ಆಗೈತಿ" ಎಂದರೆ ನಾನು, "ಮಂಜುಳಕ್ಕಾ, ನೀನು ಹೊಲಿದ ಜೇಬಲ್ಲಿ ಕೈ ಇಟ್ರೆ ಪಕ್ಕದ ಮನೆಯೋರ ಜೇಬಿಂದ ಹೊರಗೆ ಬತ್ತದಂತೆ" ಎಂದೆ. ಯೂನಿಟ್ಟು ಬಿದ್ದು ಬಿದ್ದು ನಕ್ಕಿತು. ಓಬಳಪ್ಪನೂ ನಕ್ಕ. ಅವನದೇ ಧಾಟಿಯಲ್ಲಿತ್ತಲ್ಲ. ಮೂರನೇ ವಾರಕ್ಕೆ ಜೋಕಿನ ಮುಖ ಅವನ ಕಡೆಗೇ ತಿರುಗಿತ್ತು. ಅವನು ಉದ್ದಕ್ಕೆ ಏನೋ ಹೇಳಿ ಮುಗಿಸಿದ ಮೇಲೆ ನಾನು ಗಂಭೀರವಾಗಿ, "ಏನೂ ಇಲ್ವಂತೆ" ಎನ್ನುತ್ತಿದ್ದೆ. ಅವನು ಎರಡು ಮಾತು ಹೇಳಿದರೆ ಐದು ನಿಮಿಷ ಭಾಷಣ ಮಾಡುತ್ತಿದ್ದೆ. ಟೈಲರುಗಳು ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವರನ್ನೂ ಬೈಯಲಾರೆ, ಎಲ್ಲರಿಗೂ ಒಂದೊಂದು ಹೆಸರಿನ ಬಾಕಿ ಇತ್ತು. ಓಬಳಪ್ಪನಿಗೂ ಹೆಸರು ಬಿತ್ತು, ಪ್ಯಾಚ್ ವರ್ಕು. ಇಟ್ಟವರು ಯಾರೆಂದು ಕೇಳಬೇಡಿ. ಟೀ ಅಂಗಡಿಯಲ್ಲಿ ಬಾಯಿತುಂಬ ನೀರು ತುಂಬಿಕೊಂಡು ಅವನಂತೆ ಮಾತಾಡುವುದು ಒಂದು ಆಟವೇ ಆಯಿತು. ಒಮ್ಮೆ ಅವನು ಹಿಂದೆಯೇ ಬಂದು ನಿಂತಿದ್ದ. ಆಡುತ್ತಿದ್ದವನು ನೀರು ನುಂಗಿದ. ಓಬಳಪ್ಪ ತನ್ನ ಬಾಟಲಿಯಿಂದ ಒಂದು ಗುಟುಕು ಕುಡಿದು ಹೋದ.

ಮಧ್ಯಾಹ್ನ ಅವನು ಬಟ್ಟೆಯ ಬೇಲುಗಳ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಅಂಬಲಿ ಕುಡಿಯುತ್ತಿದ್ದ. ನಾನು ಒಂದು ದಿನವೂ ಜೊತೆಗೆ ಕೂರಲಿಲ್ಲ. ಅವನಿಗೆ ಸಂಕೋಚವಾಗುತ್ತದೆಂದು ಹೇಳಿಕೊಂಡೆ.

ಯುಗಾದಿಗೆ ಹದಿನೆಂಟು ದಿನ ಇದ್ದಾಗ ಒಂದೇ ಬೆಳಿಗ್ಗೆ ಎರಡು ರಾಶಿ ಬಟ್ಟೆ ಕತ್ತರಿಸಿದರು. ಒಂದು ಹಳೆಯ ತಾನುಗಳದು, ಇನ್ನೊಂದು ಆಗಷ್ಟೇ ಬಂದ ಹೊಸ ತಾನುಗಳದು. ಅಂಥ ದಿನ ಒಂದು ರಾಶಿಗೆ ಒಂದರಿಂದ ಮುನ್ನೂರರವರೆಗೆ, ಇನ್ನೊಂದಕ್ಕೆ ಮುನ್ನೂರ ಒಂದರಿಂದ ಆರುನೂರರವರೆಗೆ ನಂಬರು ಹಾಕಬೇಕು. ನಾನು ಚೀಟಿ ಬರೆಯುತ್ತ ಆ ದಿನದ ಜೋಕುಗಳನ್ನು ಮನಸ್ಸಿನಲ್ಲೇ ತಾಲೀಮು ಮಾಡಿಕೊಳ್ಳುತ್ತಿದ್ದೆ. ಎರಡೂ ರಾಶಿಗೆ ಒಂದರಿಂದಲೇ ಶುರು ಮಾಡಿದೆ.

ಚಹಾ ಆದ ಮೇಲೆ ಓಬಳಪ್ಪ ಸಾಲುಗಳ ನಡುವೆ ಅಡ್ಡಾಡುತ್ತ ಮಂಜುಳಳ ಮಿಷನ್ನಿನ ಹತ್ತಿರ ನಿಂತ. ಅವಳು ಜೋಡಿಸುತ್ತಿದ್ದ ಎರಡು ಕಾಲುಗಳನ್ನು ಎತ್ತಿಕೊಂಡ. ಒಂದನ್ನು ಹೆಬ್ಬೆರಳಿನಲ್ಲಿ ತಿಕ್ಕಿದ, ಇನ್ನೊಂದನ್ನು ತಿಕ್ಕಿದ. ಎರಡೂ ಚೀಟಿ ನೋಡಿದ. ಎರಡರಲ್ಲೂ ನಲವತ್ತೆರಡು. ಅವನ ಮುಖ ಬಿಳಿಚಿಕೊಂಡಿತು. ಎರಡೂ ಕೈಯೆತ್ತಿ ಕೂಗಿದ.

ನನಗೆ ಪೂರ್ತಿ ತಿಳಿಯಿತು. "ನಿಲ್ಸ್ರಿ, ಎಲ್ಲಾ ನಿಲ್ಸ್ರಿ. ಎರಡು ಲಾಟು ಬೆರಕಿ ಆಗ್ಯಾವು. ಚೀಟಿ ತಪ್ಪೈತಿ." ಒಂದಕ್ಷರವೂ ಬಿಡದೆ ತಿಳಿಯಿತು. ನಲವತ್ತು ಮುಖಗಳು ಎಂದಿನಂತೆ ನನ್ನ ಕಡೆ ತಿರುಗಿದವು, ಆಗಲೇ ಅರ್ಧ ನಗು ಸಿದ್ಧ ಮಾಡಿಕೊಂಡು. ಚೀಟಿ ತಪ್ಪಿದೆ ಎಂದರೆ ನಾನು ತಪ್ಪಿದ್ದೇನೆ ಎಂದು ನಾನೇ ಡಂಗುರ ಹೊಡೆದಂತೆ. ಮನುಷ್ಯನಿಗೆ ಯೋಚಿಸಲು ಒಂದು ಉಸಿರಿನಷ್ಟು ಸಮಯ ಇತ್ತು. ನಾನು ಅದನ್ನು ಜೋಕು ಹುಡುಕಲು ಬಳಸಿಕೊಂಡೆ.

"ಮಾಸ್ಟ್ರು ಹೇಳ್ತಾವ್ರೆ, ನೀವು ಹೊಲಿಯೋ ಸ್ಪೀಡಿಗೆ ಈ ಯುಗಾದಿ ಪ್ಯಾಂಟು ಬರೋ ಯುಗಾದಿಗೆ ರೆಡಿ ಆಯ್ತದಂತೆ. ಕಾಲಿಗೆ ಲಕ್ವ ಹೊಡದೈತಾ ಅಂತಾವ್ರೆ!"

ನಗು, ಮೇಲೆ ಮಿಷನ್ನುಗಳ ಸದ್ದು. ಎಲ್ಲರೂ ಇನ್ನಷ್ಟು ಜೋರಾಗಿ ತುಳಿದರು.

ಓಬಳಪ್ಪ ನನ್ನನ್ನು ನೋಡಿದ. ಆಮೇಲೆ ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದ. ನಲವತ್ತು ಮಿಷನ್ನು ಒಟ್ಟಿಗೆ ಸತ್ತವು. ಆ ಮೌನದಲ್ಲಿ ಅವನು ಮತ್ತೆ ಅದನ್ನೇ ಹೇಳಿದ, ನಿಧಾನವಾಗಿ, ಎಳೆ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ, ಜೊಲ್ಲು ಒರೆಸಿಕೊಳ್ಳುವುದನ್ನೂ ಮರೆತು. ಅಷ್ಟರಲ್ಲಿ ಬಳ್ಳಾರಿಯ ಪಾರ್ಟಿಯೊಂದಿಗೆ ಫೋನಿನಲ್ಲಿದ್ದ ಸಾವ್ಕಾರರು ಫೋನು ಹಿಡಿದೇ ಹೊರಗೆ ಬಂದರು.

"ಯಾವನಲೇ ಅವನು ಕರೆಂಟ್ ತೆಗದೋನು?"

"ಮಾಸ್ಟ್ರು ಸಾವ್ಕಾರ್ರೇ" ಎಂದೆ. "ಎಲ್ಲಾರ್ಗೂ ಸುಸ್ತಾಗೈತೆ, ಅರ್ಧ ತಾಸು ರೆಸ್ಟು ಕೊಡಿ ಅಂತಾವ್ರೆ."

"ರೆಸ್ಟಾ? ಆರ್ಡರು ಇಟ್ಕೊಂಡು ರೆಸ್ಟಾ?" ಅವರೇ ಹೋಗಿ ಸ್ವಿಚ್ಚು ಮೇಲೆತ್ತಿದರು. ಓಬಳಪ್ಪ ಅವರ ತೋಳು ಹಿಡಿದುಕೊಂಡ. ಅವರ ಬಿಳಿ ಅಂಗಿಯ ತೋಳಿನ ಮೇಲೆ ಒಂದು ಹನಿ ಜೊಲ್ಲು ಬಿತ್ತು. ಸಾವ್ಕಾರರು ಅದನ್ನು ನೋಡಿದರು, ತೋಳು ಬಿಡಿಸಿಕೊಂಡು ಒಳಗೆ ಹೋದರು. ನಲ್ಲಿಯ ನೀರಿನ ಸದ್ದು ಕೇಳಿಸಿತು. ಓಬಳಪ್ಪ ತನ್ನ ಸ್ಟೂಲಿಗೆ ಹೋಗಿ ಕೂತ. ಸಂಜೆಯ ತನಕ ಏಳಲಿಲ್ಲ.

ಪ್ಯಾಂಟುಗಳು ಟೆಂಪೋ ಹತ್ತಿ ಬಳ್ಳಾರಿಗೆ ಹೋದವು. ವಾಷಿಂಗಿಗೆ ಹೋಗುವ ಮುಂಚೆ ಚೀಟಿಗಳನ್ನೆಲ್ಲ ಕಿತ್ತು ಬಿಸಾಡುವುದು ಪದ್ಧತಿ. ಅವತ್ತು ನಾನೇ ಮುಂದೆ ನಿಂತು ಕಿತ್ತೆ, ಗುಡಿಸಿದೆ, ಒಲೆಗೆ ಹಾಕಿದೆ. ಯೂನಿಟ್ಟಿಗೆ ಸೇರಿದ ಮೇಲೆ ನಾನು ಕಸ ಗುಡಿಸಿದ್ದು ಅದೊಂದೇ ಸಲ.

ಐದನೇ ದಿನ ಮಾಲು ವಾಪಸ್ಸು ಬಂತು. ಮೊದಲ ಕಟ್ಟು ಬಿಚ್ಚಿದ ಸಾವ್ಕಾರರು ಒಂದು ಪ್ಯಾಂಟನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಎಡಗಾಲು ಒಬ್ಬರ ಮನೆಯದು, ಬಲಗಾಲು ಇನ್ನೊಬ್ಬರ ಮನೆಯದು. ಎರಡನೆಯದೂ ಹಾಗೇ. ಆರುನೂರರಲ್ಲಿ ನೆಟ್ಟಗಿದ್ದವು ನೂರೂ ಇರಲಿಲ್ಲ. ಸಾವ್ಕಾರರು ಎಲ್ಲರನ್ನೂ ಎಬ್ಬಿಸಿ ಕಟಿಂಗ್ ಮೇಜಿನ ಸುತ್ತ ನಿಲ್ಲಿಸಿದರು.

"ಓಬಳಪ್ಪಾ, ಮಾಸ್ಟರು ನೀನು. ಇದೇನಿದು?"

ಓಬಳಪ್ಪ ಮುಂದೆ ಬಂದ. ಅವನಿಗೆ ಓದು ಬರಹ ಇಲ್ಲ, ನಂಬರು ಬರೆಯುತ್ತಿದ್ದ, ಸಹಿ ಹಾಕುತ್ತಿದ್ದ, ಅಷ್ಟೇ. ಬಾಟಲಿಯಿಂದ ಒಂದು ಗುಟುಕು ಕುಡಿದು ಬಾಯಿ ನೆನೆಸಿಕೊಂಡು ಮಾತು ಶುರು ಮಾಡಿದ. ಉದ್ದಕ್ಕೆ ಹೇಳಿದ. ಚೀಟಿ ಎರಡೂ ಒಂದರಿಂದ ಶುರುವಾದದ್ದು, ತಾನು ಅವತ್ತೇ ಕಂಡುಹಿಡಿದದ್ದು, ಕೂಗಿದ್ದು, ಸ್ವಿಚ್ಚು ಎಳೆದದ್ದು, ಬಕ್ರಂ ತನ್ನ ಮಾತು ತಿರುಗಿಸಿದ್ದು. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ 42 ಎಂದು ಬರೆದು, ಪಕ್ಕದಲ್ಲಿ ಇನ್ನೊಂದು 42 ಬರೆದು, ಎರಡಕ್ಕೂ ಸುತ್ತು ಹಾಕಿ, ಕೈಯೆತ್ತಿ ನೆಟ್ಟಗೆ ನನ್ನನ್ನು ತೋರಿಸಿದ.

ಸಾವ್ಕಾರರು ಲೆಕ್ಕ ನೋಡಲಿಲ್ಲ, ಬೆರಳು ನೋಡಿದರು. "ಇವನನ್ನ ಯಾಕ ತೋರಿಸ್ತಾನ?"

"ನನ್ನ ಕೇಳಿ ಅಂತಾವ್ರೆ ಸಾವ್ಕಾರ್ರೇ. ಅವ್ರಿಗೆ ಹೇಳಕ್ಕಾಗಲ್ವಲ್ಲ, ನನ್ನ ಬಾಯಲ್ಲಿ ಕೇಳಿ ಅಂತ."

"ಹೇಳು ಮತ್ತ."

ಓಬಳಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇಷ್ಟು ಜನರ ಮುಂದೆ, ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇವನು ಸರಿಯಾಗಿಯೇ ಹೇಳುತ್ತಾನೆಂದು ನಂಬಿದ್ದ. ನನ್ನ ಬಗ್ಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವರು ಮನೆಯಲ್ಲೂ ಯಾರೂ ಇರಲಿಲ್ಲ.

"ತಪ್ಪಾಗೈತೆ ಅಂತಾವ್ರೆ. ಕರೆಂಟ್ ಕೊಟ್ಟ ಮ್ಯಾಲೆ ಕಣ್ಣು ಮಂಜು ಮಂಜಂತೆ, ಬಟ್ಟೆ ಗುರುತು ಹತ್ತಲಿಲ್ವಂತೆ. ಹೊಟ್ಟೆಗೆ ಹಾಕ್ಕಳಿ ಅಂತಾವ್ರೆ."

ಓಬಳಪ್ಪನ ಬಾಯಿಂದ ಎಂಥದೋ ಸದ್ದು ಬಂತು. ಅದು ಮಾತಲ್ಲ, ಹಾಗಾಗಿ ಅನುವಾದ ಮಾಡುವ ಜವಾಬ್ದಾರಿ ನನ್ನದಲ್ಲ. ಮಂಜುಳ ಪಾಪ ಎಂದು ಲೊಚಗುಟ್ಟಿದಳು. ಆಗ ಹಿಂದಿನಿಂದ ರಂಗನಾಥ ಎರಡು ಹೆಜ್ಜೆ ಮುಂದೆ ಬಂದ. ಮಾತು ಅಂಟಿಕೊಂಡವನಿಗೆ ಮಾತು ಅಂಟಿಕೊಂಡವನ ಭಾಷೆ ತಿಳಿದಿತ್ತೆಂದು ತೋರುತ್ತದೆ. "ಅ... ಅ... ಅವ್ರು ಅ... ಅವತ್ತು..." ಎಂದು ಶುರು ಮಾಡಿದ, ಕತ್ತಿನ ನರ ಉಬ್ಬಿಸಿಕೊಂಡು.

"ಬಂತಪ್ಪಾ ಡಬಲ್ ನೀಡ್ಲು" ಎಂದೆ. "ದಾರ ಪೋಣಿಸೋಕೇ ಸಂಜೆ ಆಯ್ತದೆ, ಎಲ್ಲಾರೂ ಕೂತ್ಕಳಿ."

ಅಂಥ ಹೊತ್ತಿನಲ್ಲೂ ನಕ್ಕರು. ರಂಗನಾಥನ ಬಾಯಿ ತೆರೆದೇ ಇತ್ತು, ಮಾತು ಮುಂದಕ್ಕೆ ಬರಲಿಲ್ಲ. ಸಾವ್ಕಾರರು ಬೇಸರದಿಂದ ಕೈ ಝಾಡಿಸಿದರು. "ಮನುಷ್ಯ ತಪ್ಪು ಒಪ್ಕೊಂಡ, ಮುಗೀತು. ಓಬಳಪ್ಪಾ, ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ. ನಾನೇ ತಪ್ಪು ಮಾಡಿದೆ, ಆರಾಮಿಲ್ಲದೋನ್ನ ಕರೆಸಿದೆ. ನಾಳೆಯಿಂದ ಮನ್ಯಾಗಿರು" ಎಂದು ಅವನ ಭುಜ ತಟ್ಟಿದರು. ನನ್ನನ್ನು ನೋಡಿ, "ಯುಗಾದಿ ತನಕ ಲೈನು ನೀನು ನೋಡ್ಕೊ" ಎಂದರು.

ಮಾರನೇ ದಿನದಿಂದ ನಾನು ಮಾಸ್ಟರು. ನನ್ನ ದನಿ ಮೂರನೇ ಮಿಷನ್ನು ದಾಟುವುದಿಲ್ಲವೆಂದು ಸಾವ್ಕಾರರು ಒಂದು ಪೊಲೀಸ್ ಸೀಟಿ ಕೊಡಿಸಿದರು. ಒಂದು ಸಲ ಊದಿದರೆ ನಿಲ್ಲಿಸಬೇಕು, ಎರಡು ಸಲ ಊದಿದರೆ ಶುರು. ಬಹಳ ಚೆನ್ನಾಗಿ ನಡೆಯಿತು. ಆ ಸೀಟಿಯನ್ನು ಎರಡು ತಿಂಗಳ ಮುಂಚೆಯೇ ಓಬಳಪ್ಪನಿಗೆ ಕೊಡಿಸಿದ್ದರೆ ಎಂದು ಯಾರೂ ಹೇಳಲಿಲ್ಲ.

ಯುಗಾದಿ ಕಳೆದು ಒಂದು ವಾರಕ್ಕೆ ಹಂಪಕ್ಕ ಮತ್ತೆ ಗೇಟಿಗೆ ಬಂದಳು. ಬೈಯಲು ಬಂದಳೆಂದು ಕಕ್ಕಸಿನ ಕಡೆ ಹೊರಟಿದ್ದೆ. ಅವಳು ಕೈಮುಗಿದಳು.

"ಅಣ್ಣಾ, ಮನೀಗೆ ಒಂಚೂರು ಬರ್ರಿ. ಇಪ್ಪತ್ತು ದಿನ ಆತು, ಅವ್ರು ಒಂದೇ ಮಾತು ಹೇಳ್ತಾರ್ರಿ. ನೀರು ಅಂದ್ರ ತಿಳೀತೈತಿ, ನೋವು ಅಂದ್ರ ತಿಳೀತೈತಿ, ಇದು ಉದ್ದದ ಮಾತು, ನನಗ ತಿಳೀವಲ್ದು. ತಿಳೀಲಿಲ್ಲ ಅಂದ್ರ ಗ್ವಾಡಿಗೆ ತಲಿ ಚಚ್ಕೆಂತಾರ. ನಿಮಗಾದ್ರ ತಿಳೀತೈತಿ."

"ಸಾವ್ಕಾರ್ರ ಮೇಲೆ ಬೇಜಾರೇನೋ ಕಣಕ್ಕ."

"ಬ್ಯಾಸರ ಹೆಂಗ ಮಾಡ್ಕೆಂತಾರ್ರಿ, ಮಾಲು ಕೆಡಿಸಿದ್ದು ಇವ್ರೇ ಅಲ್ಲೇನು? ನಾನೂ ಸಿಟ್ನ್ಯಾಗ ನಾಕು ಮಾತು ಅಂದೀನಿ. ಕಣ್ಣು ಕಾಣದಿದ್ರ ಹೇಳಾಕ ಏನಾಗಿತ್ತು ನಿಮಗ, ಅಂತ."

ಹೋದೆ. ಬೆಟ್ಟದ ಬುಡದ ಓಣಿಯಲ್ಲಿ ಒಂದು ಕೋಣೆಯ ಮನೆ. ಓಬಳಪ್ಪ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ಕಂಡು ಎದ್ದು ಬಂದು ಬಡಿಯುತ್ತಾನೆಂದುಕೊಂಡಿದ್ದೆ. ಅದಕ್ಕೆಂದೇ ಬಾಗಿಲ ಹತ್ತಿರ ಕೂತೆ. ಅವನು ಏಳಲಿಲ್ಲ. ಹಂಪಕ್ಕ ಅವನ ಪಕ್ಕದಲ್ಲಿ ಕೂತು, "ಹೇಳ್ರಿ ಈಗ, ಅಣ್ಣ ಬಂದಾರ. ಏನೈತಿ ಎಲ್ಲಾ ಹೇಳ್ರಿ" ಎಂದಳು.

ಅವನು ನನ್ನ ಮುಖವನ್ನೇ ನೋಡುತ್ತ ಹೇಳಿದ. ಯೂನಿಟ್ಟಿನಲ್ಲಿ ಹೇಳಿದ್ದಷ್ಟು ಉದ್ದ ಇರಲಿಲ್ಲ.

"ಕೆಲಸ ನೀನಿಟ್ಕೊ. ಸಾವ್ಕಾರ್ರಿಗೆ ಹೇಳಬ್ಯಾಡ. ತಪ್ಪು ನಂದಲ್ಲ ಅಂತ ಇವಳಿಗೊಬ್ಬಳಿಗೆ ಹೇಳು. ಸಾಕು."

ಹಂಪಕ್ಕ ನನ್ನ ಕಡೆ ತಿರುಗಿದಳು. ಆ ಮನೆಯಲ್ಲಿ ಮಿಷನ್ನಿನ ಸದ್ದು ಇರಲಿಲ್ಲ, ನಲವತ್ತು ಜನ ಇರಲಿಲ್ಲ, ನಗುವವರು ಯಾರೂ ಇರಲಿಲ್ಲ. ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಗಸು, ನೀರಿನ ನಲ್ಲಿಯ ಹತ್ತಿರ ಮಂಜುಳಳಿಗೆ ಹೇಳುತ್ತಾಳೆ, ಮಂಜುಳ ಯೂನಿಟ್ಟಿಗೆಲ್ಲ ಹೇಳುತ್ತಾಳೆ. ನಾನು ಇದನ್ನೆಲ್ಲ ಬಹಳ ಬೇಗ ಯೋಚಿಸಿದೆ. ಬಿ.ಎ.ಯಲ್ಲಿ ಅಷ್ಟು ಬೇಗ ಯೋಚಿಸಿದ್ದರೆ ಪಾಸಾಗುತ್ತಿದ್ದೆ.

"ಅನ್ನ ಗಟ್ಟಿ ಆಯ್ತದಂತೆ ಕಣಕ್ಕ" ಎಂದೆ. "ನುಂಗಕ್ಕಾಗಲ್ವಂತೆ. ಇನ್ನೊಂದಿಷ್ಟು ಮೆತ್ತಗೆ ಬೇಯಿಸ್ಬೇಕಂತೆ."

"ಅಯ್ಯ ನನ್ನ ಶಿವನೇ!" ಹಂಪಕ್ಕ ಹಣೆ ಬಡಿದುಕೊಂಡಳು. "ಇದಕ್ಕ ಇಪ್ಪತ್ತು ದಿನದಿಂದ ಗ್ವಾಡಿಗೆ ತಲಿ ಚಚ್ಕೊಂಡ್ರೇನ್ರಿ? ನನಗರ ತಿಳೀಬಾರದಾ, ಪಾಪಿ ನಾನು!" ಸೆರಗಿನಿಂದ ಕಣ್ಣೊರೆಸಿಕೊಂಡು, ಅಲ್ಲೇ ಗೋಡೆಯ ಆಚೆಗಿದ್ದ ಒಲೆಯ ಹತ್ತಿರ ಹೋದಳು. ಅಕ್ಕಿ ತೊಳೆಯುವ ಸದ್ದು ಕೇಳಿಸಿತು.

ನಾವಿಬ್ಬರೂ ಕೂತಿದ್ದೆವು. ಓಬಳಪ್ಪ ಇನ್ನೊಂದು ಸಲ ಬಾಯಿ ತೆರೆಯುತ್ತಾನೆಂದು ಕಾದೆ. ಅವನು ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ಕುಡಿದು, ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟು, ಬಾಗಿಲಾಚೆ ನೋಡುತ್ತ ಕೂತ.

ಹಂಪಕ್ಕ ಅನ್ನವನ್ನು ಗಂಜಿಯಂತೆ ಬೇಯಿಸಿ, ಮಿದ್ದು, ತಿಳಿಸಾರು ಹಾಕಿ ತಂದಳು. "ನೀವೂ ಉಂಡೇ ಹೋಗ್ಬೇಕ್ರಿ ಅಣ್ಣಾ" ಎಂದು ನನಗೂ ಬೇರೆ ತಟ್ಟೆ ಇಟ್ಟಳು. ಓಬಳಪ್ಪ ಅನ್ನವನ್ನು ಬಾಯಿಗಿಟ್ಟು, ಬೆರಳಿನಿಂದ ಹಿಂದಕ್ಕೆ ದೂಡಿ, ತಲೆಯನ್ನು ಮೇಲೆತ್ತಿ ನುಂಗಿದ. ಅವಳು ಅವನ ಗಂಟಲನ್ನೇ ನೋಡುತ್ತಿದ್ದಳು.

"ಈಗ ಮೆತ್ತಗಾಗೈತೇನ್ರಿ?"

ಅವನು ತಲೆಯಾಡಿಸಿದ.

"ನೋಡಿದ್ರಾ" ಎಂದಳು ಹಂಪಕ್ಕ ನನ್ನ ಕಡೆ ತಿರುಗಿ, ಮುಖ ಅರಳಿಸಿಕೊಂಡು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.